ತುಂಬದ ಗುಂಡಿ, ಬತ್ತದ ಬಾವಿ

ಅತ್ತರಣ್ಣನಿಗೆ ಗುತ್ತಿಗೆದಾರ ಎರಡು ತಿಂಗಳ ಸಂಬಳ ಕೊಡಬೇಕು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಗುಡ್ಡ, ಬಾವಿ, ಬಸುರಿ ಹುಡುಗಿ ಎಲ್ಲ ಬರುತ್ತಾರೆ, ಓದಿದವರು ಅಯ್ಯೋ ಅನ್ನುತ್ತಾರೆ, ಸಂಬಳದ ಮಾತು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಸಂಬಳ ತಡೆಹಿಡಿದದ್ದಕ್ಕೆ ಗುತ್ತಿಗೆದಾರ ಕೊಟ್ಟ ಕಾರಣ 'ವಾಹನದ ದುರ್ಬಳಕೆ'. ಆ ದುರ್ಬಳಕೆ ಯಾವುದು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅತ್ತರು ಅವನ ಹೆಸರಲ್ಲ. ಅವನು ಪಾಯಿಖಾನೆ ಗುಂಡಿ ಹೀರುವ ಟ್ಯಾಂಕರಿನ ಚಾಲಕ. ಗಾಡಿ ಬೀದಿಗೆ ತಿರುಗಿದ ಕೂಡಲೇ ಮಕ್ಕಳು ಮೂಗು ಹಿಡಿದುಕೊಂಡು "ಅತ್ತರು ಬಂತು, ಅತ್ತರು ಬಂತು" ಅಂತ ಕುಣಿಯುತ್ತಿದ್ದವು. ದೊಡ್ಡವರು ಅದಕ್ಕೊಂದು 'ಅಣ್ಣ' ಅಂಟಿಸಿ ಮರ್ಯಾದೆ ಕೊಟ್ಟೆವು ಅಂದುಕೊಂಡರು. ನಮ್ಮ ಚಾಲಕರ ಸಂಘದ ಸಭೆಗೆ ಬಂದರೆ ಅವನೇ ಬಾಗಿಲ ಹತ್ತಿರ ಕೂರುತ್ತಿದ್ದ. ಒಳಗೆ ಬಾರೋ ಅಂದರೆ, "ಇಲ್ಲೇ ಇರ್ಲಿ ಬಿಡಿ, ನಿಮ್ಮ ಕ್ರಾಂತಿಗೆ ಗಾಳಿ ಬೇಕಲ್ವಾ" ಅನ್ನುತ್ತಿದ್ದ.

ಅವನ ಕೆಲಸ ಹೀಗೆ. ಹಾರೆ ಹಾಕಿ ಗುಂಡಿಯ ಚಪ್ಪಡಿ ಎತ್ತಬೇಕು. ಎತ್ತಿದ ಮೇಲೆ ದೂರ ನಿಂತು ಒಳಗಿನ ಗಾಳಿ ಹೋಗಲು ಬಿಡಬೇಕು, ಅವಸರಪಟ್ಟು ಬಗ್ಗಿದವನು ಅಲ್ಲೇ ಬೀಳುತ್ತಾನೆ. ಆಮೇಲೆ ಪೈಪು ಇಳಿಸಿ ಪಂಪು ಹಾಕಿದರೆ ಪೈಪು ಮೈಮೇಲೆ ಬಂದವರ ಹಾಗೆ ನಡುಗುತ್ತದೆ. ಬಟ್ಟೆಯೋ ಪ್ಲಾಸ್ಟಿಕ್ಕೋ ಸಿಕ್ಕಿಕೊಂಡರೆ ಕೈಹಾಕಿ ಕೀಳಬೇಕು. ಇಷ್ಟು ಹೊತ್ತೂ ಮನೆಯವರು ಕಿಟಕಿ ಬಾಗಿಲು ಹಾಕಿಕೊಂಡು ಒಳಗಿರುತ್ತಾರೆ. ಕೆಲಸ ಮುಗಿದರೆ ಬಾಗಿಲು ಒಂದು ಗೇಣು ತೆರೆಯುತ್ತದೆ, ಒಂದು ಕೈ ಬಂದು ಚೀಟಿಗೆ ರುಜು ಹಾಕುತ್ತದೆ, ಬಾಗಿಲು ಮುಚ್ಚುತ್ತದೆ. ಇದನ್ನು ಎಲ್ಲಿಗೆ ಒಯ್ಯುತ್ತೀಯಪ್ಪಾ ಅಂತ ಆ ಕೈ ಯಾವತ್ತೂ ಕೇಳಿದ್ದಿಲ್ಲ.

ಒಯ್ಯುತ್ತಿದ್ದದ್ದು ಊರಾಚೆಯ ಗುಡ್ಡಕ್ಕೆ. ಅಲ್ಲಿ ಕಲ್ಲು ತೆಗೆದು ಬಿಟ್ಟುಹೋದ ಹಳೇ ಕ್ವಾರಿ ಇದೆ. ಕೊಳಚೆ ಶುದ್ಧೀಕರಣ ಘಟಕ ಅಂತ ಒಂದು ಊರಿನ ಇನ್ನೊಂದು ತುದಿಯಲ್ಲಿತ್ತು ನಿಜ. ಆದರೆ ಅದರ ಗೇಟಿನವನು ಟ್ಯಾಂಕರ್ ಕಂಡರೆ ಕೈ ಅಡ್ಡ ಹಿಡಿಯುತ್ತಿದ್ದ. ಅವರ ಪರವಾನಗಿಯಲ್ಲಿ ಕೊಳವೆಯಿಂದ ಬರುವ ಕೊಳಚೆ ಮಾತ್ರ ಬರೆದಿದೆಯಂತೆ, ಚಕ್ರದ ಮೇಲೆ ಬರುವುದನ್ನು ಬರೆದಿಲ್ಲವಂತೆ. ಗುತ್ತಿಗೆದಾರನನ್ನು ಕೇಳಿದರೆ, "ಗುಡ್ಡ ಇಲ್ವೇನೋ? ಗುಡ್ಡಕ್ಕೇನು ಮೂಗಿದ್ಯಾ?" ಅಂದ. ಅಂದಿನಿಂದ ಕ್ವಾರಿಯೇ ಗತಿ. ಆ ಕ್ವಾರಿಯ ಬಗ್ಗೆ ಅತ್ತರಣ್ಣನಿಗೆ ಒಂದು ತರಹದ ಅಭಿಮಾನವೂ ಇತ್ತು. ಎಷ್ಟು ಸುರಿದರೂ ಅದು ತುಂಬುತ್ತಿರಲಿಲ್ಲ. ಇವತ್ತು ಸುರಿದದ್ದು ವಾರ ಕಳೆದು ಹೋಗುವಷ್ಟರಲ್ಲಿ ಇಂಗಿ, ತಳದ ಬಂಡೆ ಕಾಣುತ್ತಿತ್ತು. "ನಮ್ಮ ಗುಂಡಿ ಹೊಟ್ಟೆಬಾಕ, ಬಡಿಸಿದಷ್ಟೂ ಉಣ್ಣುತ್ತೆ" ಅಂತ ನಗುತ್ತಿದ್ದ.

ಅವನಿಗೆ ಒಬ್ಬಳು ಅಕ್ಕ. ಗಂಡ ಸತ್ತ ಮೇಲೆ ಅವನ ನೀರಿನ ಟ್ಯಾಂಕರಿನ ಸ್ಟೀರಿಂಗ್ ಹಿಡಿದವಳು. ನಲ್ಲಿಯಲ್ಲಿ ನೀರು ಬಾರದ ಬೀದಿಗಳಿಗೆ ಅವಳೇ ದಿಕ್ಕು. ಅವಳ ಹಾರ್ನ್ ಕೇಳಿದರೆ ಜನ ಕೊಡ, ಬಕೆಟ್ಟು, ಕುಕ್ಕರು, ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿ ಬರುತ್ತಿದ್ದರು. ಬೇಸಿಗೆಯಲ್ಲಿ ಉಳಿದ ಟ್ಯಾಂಕರಿನವರು ಬಾವಿ ಬತ್ತಿತು ಅಂತ ಕೈಚೆಲ್ಲಿದರೂ ಅಕ್ಕನ ಬಾವಿಗೆ ಏನೂ ಆಗುತ್ತಿರಲಿಲ್ಲ. ಅದು ಎಲ್ಲಿದೆ ಅಂತ ಅವಳು ಯಾರಿಗೂ ಹೇಳುತ್ತಿರಲಿಲ್ಲ, ಹೇಳಿದರೆ ಬೇರೆಯವರೂ ಪೈಪು ಇಳಿಸುತ್ತಾರಲ್ಲ. ತಮ್ಮನಿಗೆ ಗಾಡಿ ಓಡಿಸುವುದನ್ನು ಕಲಿಸಿದವಳೂ ಅವಳೇ, ಕಿವಿ ಹಿಂಡಿ, ಬೈದು.

ಇಬ್ಬರೂ ಇದ್ದದ್ದು ಒಂದೇ ಮನೆಯಲ್ಲಿ, ತಾಯಿಯ ಜೊತೆ. ಅತ್ತರಣ್ಣನಿಗೆ ಮದುವೆಯಾಗಲಿಲ್ಲ. ಹೆಣ್ಣಿನ ಕಡೆಯವರು ಕೆಲಸ ಏನು ಅಂತ ಕೇಳುವವರೆಗೆ ಎಲ್ಲ ಸರಿಯಿರುತ್ತಿತ್ತು. ಆ ಮನೆಗೆ ತಾಯಿ ಹಾಕಿದ ಕಟ್ಟಳೆ ಎರಡು. ಒಂದು, ಎರಡು ಗಾಡಿಗಳು ಅಕ್ಕಪಕ್ಕ ನಿಲ್ಲಬಾರದು: ಅಕ್ಕನದು ಮನೆ ಮುಂದೆ, ತಮ್ಮನದು ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ. ಜೊತೆಗೆ ನಿಂತದ್ದನ್ನು ಯಾರಾದರೂ ನೋಡಿದರೆ ಅಕ್ಕನ ನೀರನ್ನು ನಾಯಿಯೂ ಮೂಸುವುದಿಲ್ಲ. ಎರಡು, ಅಡುಗೆಮನೆಯ ಮೇಜಿಗೆ ಊಟಕ್ಕೆ ಕೂತಾಗ ಇಬ್ಬರೂ ಕೆಲಸದ ಮಾತು ಎತ್ತಬಾರದು. ತಾಯಿಯ ಮಾತಿನಲ್ಲೇ ಹೇಳುವುದಾದರೆ, "ತರೋದು ತಗೊಂಡು ಹೋಗೋದು ಎಲ್ಲಾ ಹೊಸ್ತಿಲಾಚೆ. ಇಲ್ಲಿ ಬಾಯಿ ಇರೋದು ತಿನ್ನೋಕೆ."

ಹೀಗಾಗಿ ಅಕ್ಕ ಎಲ್ಲಿ ತುಂಬಿಸುತ್ತಾಳೆ ಅಂತ ತಮ್ಮನಿಗೆ ಗೊತ್ತಿರಲಿಲ್ಲ, ತಮ್ಮ ಎಲ್ಲಿ ಸುರಿಯುತ್ತಾನೆ ಅಂತ ಅಕ್ಕನಿಗೆ ಗೊತ್ತಿರಲಿಲ್ಲ. ಒಂದೇ ಪಾತ್ರೆಯಿಂದ ಬಡಿಸಿಕೊಂಡು ವರ್ಷಗಟ್ಟಲೆ ಉಂಡರು.

ಈ ಮಳೆಗಾಲ ಮುಗಿದ ಮೇಲೆ ಅಕ್ಕನ ಮಗಳು ಬಾಣಂತನಕ್ಕೆ ತಾಯಿಮನೆಗೆ ಬಂದಳು. ಏಳು ತಿಂಗಳಾಗಿತ್ತು. ಮಾತಿನ ಮಲ್ಲಿ. "ಮಾವ, ನಿನ್ನ ಸೋಪಿನ ಖರ್ಚಿಗೇ ಗುತ್ತಿಗೆದಾರ ಬೇರೆ ಭತ್ಯೆ ಕೊಡ್ಬೇಕು" ಅಂತ ಅವನನ್ನು ಕಾಡಿಸುತ್ತಿದ್ದಳು. ಅವನಿಗೂ ಅವಳೆಂದರೆ ಜೀವ.

ಅದೇ ದಿನಗಳಲ್ಲಿ ಊರಿನ ಸಭಾಭವನದಲ್ಲಿ ಒಂದು ಕಾರ್ಯಾಗಾರ ನಡೆಯಿತು. ಗೋಡೆಯುದ್ದ ಬ್ಯಾನರ್: 'ಸಮಗ್ರ ಜಲಸಂಪನ್ಮೂಲ ನಿರ್ವಹಣೆ: ಅರ್ಥ ಮತ್ತು ಅನ್ವಯ'. ನೀರಿಗೆ ಸಂಬಂಧಪಟ್ಟ ಕಚೇರಿಯವರೆಲ್ಲ ಬಂದು ಕೂತಿದ್ದರು. ಚಹಾದ ಹೊತ್ತಿಗೆ ಭವನದ ಹಿಂದಿನ ಪಾಯಿಖಾನೆ ಗುಂಡಿ ಉಕ್ಕಿ ಹರಿಯಿತು. ಅತ್ತರಣ್ಣನಿಗೆ ಕರೆ ಹೋಯಿತು. ಅವನು ಹೀರಿ ಮುಗಿಸಿ, ಕೈ ತೊಳೆದು, ಚೀಟಿಗೆ ರುಜು ಬೇಕಲ್ಲ ಅಂತ ಹಿಂಬಾಗಿಲಲ್ಲಿ ನಿಂತಿದ್ದ. ಒಳಗೆ ಒಬ್ಬ ಎಂಜಿನಿಯರ್ ಹೆಂಗಸು ಮಾತಾಡುತ್ತಿದ್ದಳು.

"ಹೆಸರು ಉದ್ದ ಇದೆ ಅಂತ ಹೆದರ್ಬೇಡಿ, ಅರ್ಥ ಸಣ್ಣದು. ಮಳೆ, ಹೊಳೆ, ಬಾವಿ, ನಲ್ಲಿ, ಚರಂಡಿ ಅಂತ ಹೆಸರಿಟ್ಟಿದ್ದು ನಾವು. ಒಂದೊಂದಕ್ಕೆ ಒಂದೊಂದು ಕಚೇರಿ ಕಟ್ಟಿದ್ದೂ ನಾವು. ನೀರಿಗೆ ಆ ಗೋಡೆ ಕಾಣಲ್ಲ. ಒಂದು ಕಡೆ ಕೈ ಹಾಕಿದ್ರೆ ಇನ್ನೊಂದು ಕಡೆ ಅಲ್ಲಾಡುತ್ತೆ. ಅದಕ್ಕೇ ನೀರು ಎತ್ತೋರು, ಹಂಚೋರು, ಬಳಸೋರು, ಕೊಳೆ ಸಾಗಿಸೋರು ಎಲ್ಲರೂ ಒಂದೇ ಮೇಜಿಗೆ ಕೂತು ತೀರ್ಮಾನ ಮಾಡ್ಬೇಕು."

"ಒಂದೇ ಮೇಜಿಗೆ ಕೂತ್ರೆ ಚಹಾದ ಬಿಲ್ಲು ಯಾವ ಕಚೇರಿ ಕೊಡೋದು ಮೇಡಂ?" ಅಂದ ಒಬ್ಬ ಅಧಿಕಾರಿ. ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತ ಅತ್ತರಣ್ಣನೂ ನಕ್ಕ.

ಅವಳು ಬೋರ್ಡಿನ ಮೇಲೆ ಒಂದು ಗುಡ್ಡ ಬರೆದು, ಅದನ್ನು ಹಣ್ಣು ಕೊಯ್ದ ಹಾಗೆ ನಡುವೆ ಸೀಳಿ ತೋರಿಸಿದಳು. ಬಂಡೆಯೊಳಗೆ ಬಿರುಕುಗಳು, ಬಿರುಕಿನಲ್ಲಿ ನೀರು. "ಎಷ್ಟು ಸುರಿದರೂ ತುಂಬದ ಗುಂಡಿ ಅನ್ನೋದು ಎಲ್ಲೂ ಇಲ್ಲ," ಅಂದಳು. "ತುಂಬ್ತಾ ಇಲ್ಲ ಅಂದ್ರೆ ಅದು ಬೇರೆ ಎಲ್ಲೋ ಹೋಗ್ತಾ ಇದೆ."

ಅತ್ತರಣ್ಣನ ನಗು ಅಲ್ಲಿಗೆ ನಿಂತಿತು.

ಸಭೆ ಮುಗಿದ ಮೇಲೆ ಚೀಟಿ ಹಿಡಿದು ಅವಳ ಹತ್ತಿರವೇ ಹೋದ. "ಮೇಡಂ, ಆ ತುಂಬದ ಗುಂಡಿ ಅಂದ್ರಲ್ಲ, ಅದು ಎಲ್ಲಿಗೆ ಹೋಗುತ್ತೆ ಅಂತ ಹೆಂಗೆ ಗೊತ್ತಾಗುತ್ತೆ?"

"ಯಾವ ಗುಂಡಿ?"

"ಯಾವ್ದೂ ಇಲ್ಲ. ಸುಮ್ನೆ ಕೇಳ್ದೆ."

ಅವಳು ಅವನ ಬೂಟು ನೋಡಿದಳು, ಕಿಟಕಿಯಾಚೆ ನಿಂತಿದ್ದ ಗಾಡಿ ನೋಡಿದಳು. ದನಿ ಇಳಿಸಿ, "ಗುಡ್ಡದ ಇಳಿಜಾರು ಯಾವ ಕಡೆ ಇದೆ ನೋಡಿ. ಆ ಕಡೆ ಯಾರಾದ್ರೂ ನೀರು ಎತ್ತುತ್ತಾರಾ ನೋಡಿ. ಎತ್ತುತ್ತಾ ಇದ್ರೆ ನಂಗೆ ಫೋನ್ ಮಾಡಿ" ಅಂತ ಚೀಟಿಯ ಹಿಂದೆ ನಂಬರು ಬರೆದುಕೊಟ್ಟಳು.

ಮಾರನೇ ಬೆಳಿಗ್ಗೆ ಅವನು ಗಾಡಿ ಬಿಟ್ಟು ಸೈಕಲ್ಲು ಹತ್ತಿದ. ಕ್ವಾರಿಗೆ ಯಾವಾಗಲೂ ಊರ ಕಡೆಯ ದಾರಿಯಿಂದಲೇ ಹೋಗುತ್ತಿದ್ದವನು ಅವತ್ತು ಗುಡ್ಡ ಬಳಸಿಕೊಂಡು ಹಿಂದಿನ ಮಗ್ಗುಲಿಗೆ ಹೋದ. ಅಲ್ಲಿ ಬೇರೆಲ್ಲ ಕಡೆ ಒಣಗಿದ ಪೊದೆ, ಒಂದು ತಗ್ಗಿನಲ್ಲಿ ಮಾತ್ರ ಕಣ್ಣು ಕುಕ್ಕುವ ಹಸಿರು. ಹಸಿರಿನ ನಡುವೆ ಬಾವಿ. ಬಾವಿಯ ಪಕ್ಕ ನೀಲಿ ಬಣ್ಣದ ಟ್ಯಾಂಕರ್. ಆ ಟ್ಯಾಂಕರಿನ ಬಂಪರಿನ ಸೊಟ್ಟು ಅವನೇ ಗಾಡಿ ಕಲಿಯುವಾಗ ಮಾಡಿದ್ದು.

"ಏನೋ, ದಾರಿ ತಪ್ಪಿದ್ಯಾ?" ಅಂತ ಅಕ್ಕ ಪೈಪು ಹಿಡಿದುಕೊಂಡೇ ಕೂಗಿದಳು. "ನನ್ನ ಬಾವಿ ಪತ್ತೆ ಹಚ್ಚೋಕೆ ಯಾರಾದ್ರೂ ಕಾಸು ಕೊಟ್ಟು ಕಳ್ಸಿದ್ರಾ?"

"ಇಲ್ಲ ಅಕ್ಕಾ. ಸುಮ್ನೆ ಬಂದೆ."

"ಬಂದವನು ನೋಡ್ಕೊಂಡು ಹೋಗು, ಬಾಯಿ ಮುಚ್ಕೊಂಡಿರು. ಬೇಸಿಗೇಲೂ ಒಂದು ಮೆಟ್ಲು ಇಳಿಯಲ್ಲ ಕಣೋ ಇದು. ಬೆವರ್ತಾ ಇದ್ದೀಯಲ್ಲೋ! ತಗೋ, ಕುಡಿ." ಪೈಪನ್ನು ಅವನ ಕಡೆ ತಿರುಗಿಸಿದಳು.

ಅಕ್ಕ ಕೊಟ್ಟ ನೀರನ್ನು ಯಾವ ಬಾಯಲ್ಲಿ ಬೇಡ ಅನ್ನುವುದು? ಎರಡು ಬೊಗಸೆ ಕುಡಿದ. ತಣ್ಣಗಿತ್ತು, ತಿಳಿಯಾಗಿತ್ತು, ಒಂದಿಷ್ಟೂ ವಾಸನೆಯಿರಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ತಲೆ ಎತ್ತಿ ನೋಡಿದರೆ ಬಾವಿಯ ನೇರ ಮೇಲೆ ಕ್ವಾರಿಯ ಹಿಂಗೋಡೆ, ಅದರ ಬಂಡೆಯ ತುಂಬ ಅಂಗೈ ರೇಖೆಯಂತೆ ಬಿರುಕು. ಊರಿನ ಹೇಲುಚ್ಚೆಯನ್ನೆಲ್ಲ ಇಷ್ಟು ವರ್ಷ ಬಳಿದರೂ ಒಂದು ದಿನ ಓಕರಿಸದವನು ಸೈಕಲ್ಲು ತಳ್ಳಿಕೊಂಡು ತಿರುವು ದಾಟಿ, ಪೊದೆಯ ಮರೆಯಲ್ಲಿ ಕೂತು ಕರುಳು ಕಿತ್ತುಬರುವ ಹಾಗೆ ವಾಂತಿ ಮಾಡಿದ.

ಅಲ್ಲಿಂದ ಅವನ ನೆಮ್ಮದಿ ಹೋಯಿತು. ಮನೆಯಲ್ಲಿ ಯಾರು ಲೋಟ ಎತ್ತಿದರೂ ಅವನ ಕಣ್ಣು ಆ ಲೋಟದ ಮೇಲೆ. ಹುಡುಗಿ ನೀರು ಕುಡಿಯಲು ಹೋದರೆ ಮೊಣಕೈ ತಾಗಿಸಿ ಚೆಲ್ಲಿಬಿಡುತ್ತಿದ್ದ. ಒಂದು ದಿನ ತುಂಬಿದ ಕೊಡವನ್ನೇ ಕಾಲಿಂದ ಒದ್ದು ಉರುಳಿಸಿದ. "ನಿಂಗೆ ಕಣ್ಣು ಹೋಯ್ತೋ ತಲೆ ಹೋಯ್ತೋ?" ಅಂತ ತಾಯಿ ಬೈದಳು. ಬಸುರಿಗೆ ಕುದಿಸಿದ ನೀರು ಕೊಡಬೇಕಂತೆ, ಡಾಕ್ಟರು ಹೇಳ್ತಾರೆ ಅಂದ. "ನಾನು ಎರಡು ಹೆತ್ತೆ, ಯಾವ ನೀರು ಕುದಿಸಿದ್ರು?" ಅಂದಳು ತಾಯಿ. ಅವನೇ ಬೆಳಗಿನ ಹೊತ್ತು ಒಲೆ ಹಚ್ಚಿ ಕುದಿಸಿಟ್ಟ. ಬಿಸಿಲಿಗೆ ಬಿಸಿನೀರು ಯಾರು ಕುಡಿಯುತ್ತಾರೆ? ಹುಡುಗಿ ಅದನ್ನು ಸ್ನಾನಕ್ಕೆ ಬಳಸಿ, ತಣ್ಣನೆಯದನ್ನು ಕುಡಿಯುತ್ತಿದ್ದಳು.

ಹೇಳಿಬಿಡಬಾರದಿತ್ತಾ ಅಂತ ನಾನೂ ಕೇಳಿದೆ. "ಏನಂತ ಹೇಳ್ಲಿ?" ಅಂದ. "ಅಕ್ಕಾ, ನೀನು ಊರಿಗೆಲ್ಲಾ ಹಂಚಿದ್ದು ನಾನು ಸುರಿದಿದ್ದು ಅಂತ ಹೇಳ್ಲಾ? ಅವಳು ಮೊದ್ಲು ನನ್ನ ಕೊಲ್ತಾಳೆ. ಆಮೇಲೆ ಊರೋರು ಅವಳನ್ನ ಕೊಲ್ತಾರೆ."

ಅಕ್ಕನ ಕಿವಿಗೆ ಬೀಳದ ಹಾಗೆ ಯಾವುದಾದರೂ ಕಚೇರಿಯೇ ಆ ಬಾವಿಗೆ ಬೀಗ ಹಾಕಲಿ ಅಂತ ಅವನ ಆಸೆ. ಹೋದ. ನೀರು ಸರಬರಾಜಿನವರು ಅಂದರು: ನಮ್ಮದು ನಲ್ಲಿ, ಬಾವಿ ಅಂತರ್ಜಲದವರದ್ದು. ಅಂತರ್ಜಲದವರು: ಬಾವಿ ನಮ್ಮದೇ, ಆದರೆ ಕೆಡಿಸುತ್ತಿರುವುದು ಕ್ವಾರಿಯಲ್ಲವಾ, ಗಣಿಯವರನ್ನು ಕೇಳು. ಗಣಿಯವರು: ಕಲ್ಲು ಖಾಲಿಯಾದ ಮೇಲೆ ನಮಗೂ ಅದಕ್ಕೂ ಸಂಬಂಧವಿಲ್ಲ, ಕೊಳಚೆ ನಗರಸಭೆಯದ್ದು. ನಗರಸಭೆಯ ಗುಮಾಸ್ತ ತಲೆ ಎತ್ತಿ, "ಕ್ವಾರಿಗೆ ಸುರೀತಾ ಇರೋನು ಯಾರು?" ಅಂದ. "ನಾನೇ" ಅಂದ ಅತ್ತರಣ್ಣ. "ಹಾಗಾದ್ರೆ ನಿಲ್ಸು, ಮುಗೀತು" ಅಂತ ಗುಮಾಸ್ತ ಮತ್ತೆ ತಲೆ ತಗ್ಗಿಸಿದ. ಕಾರ್ಯಾಗಾರದಲ್ಲಿ ಒಂದೇ ಮೇಜಿನ ಜೋಕಿಗೆ ನಕ್ಕವರೇ ಇವರೆಲ್ಲ.

ನಿಲ್ಲಿಸಿಯೇಬಿಟ್ಟ. ಒಂದು ಲೋಡು ಹೀರಿಕೊಂಡು ಶುದ್ಧೀಕರಣ ಘಟಕದ ಗೇಟಿಗೆ ಹೋದ, ಅವರು ಬಿಡಲಿಲ್ಲ. ಕ್ವಾರಿಗೆ ಹೋಗಲು ಅವನ ಕೈ ಬರಲಿಲ್ಲ. ತುಂಬಿದ ಗಾಡಿಯನ್ನು ಖಾಲಿ ಸೈಟಿನಲ್ಲಿ ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೊಂಡ. ಅದು ಬಿಸಿಲಿಗೆ ಕಾದು ಬೀದಿಯೆಲ್ಲ ನಾರತೊಡಗಿತು. ಗುತ್ತಿಗೆದಾರ ಫೋನಿನಲ್ಲಿ ಅವನ ವಂಶವನ್ನೆಲ್ಲ ಉದ್ಧಾರ ಮಾಡಿದ.

ಎಂಜಿನಿಯರಿಗೂ ಫೋನು ಮಾಡಿದ. ಈ ಸಲ ಯಾವ ಗುಂಡಿ ಅಂತ ಹೇಳಿದ, ಬಾವಿ ಯಾರದ್ದು, ಮನೆಯಲ್ಲಿ ಬಸುರಿ ಇದ್ದಾಳೆ ಅಂತಲೂ ಹೇಳಿದ. "ನಾಳೆ ನಾನೇ ಬಂದು ನೀರು ಪರೀಕ್ಷೆಗೆ ತಗೋತೀನಿ," ಅಂದಳು. "ಆದ್ರೆ ನಾಳೆವರೆಗೆ ಯಾರೂ ಅದನ್ನ ಕುಡಿಯದ ಹಾಗೆ ನೋಡ್ಕೊಳ್ಳಿ. ಮನೇಲಿ ಬಸುರಿ ಇದ್ದಾರೆ ಅಂದ್ರಲ್ಲ, ಈ ನೀರಿಂದ ಬರೋ ಕಾಮಾಲೆ ಬಸುರಿಯರಿಗೆ ತುಂಬ ಅಪಾಯ. ಅಕ್ಕನಿಗೆ ಹೇಳಲೇಬೇಕು. ಕಷ್ಟ ಅಂತ ನಂಗೊತ್ತು."

ಅವನು ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಹುಡುಗಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು, ತುತ್ತು ಇಳಿಯುತ್ತಿರಲಿಲ್ಲ. ಮೂರು ದಿನದಿಂದ ಬಾಯಿಗೆ ರುಚಿಯಿಲ್ಲ, ವಾಂತಿ ಅಂದಳು. "ಬಸುರಿ ವಾಂತಿ ಮತ್ತೆ ತಿರುಗಿ ಬರೋದುಂಟು" ಅಂದಳು ತಾಯಿ. ಹುಡುಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಬೆಳಕಿಗೆ ಅವಳ ಕಣ್ಣಿನ ಬಿಳಿ ಕಂಡಿತು. ಬಿಳಿ ಬಿಳಿಯಾಗಿರಲಿಲ್ಲ.

"ಅಕ್ಕಾ, ನಿನ್ನ ಬಾವಿ ಮೇಲಿರೋ ಕ್ವಾರಿಗೆ ನಾನು ಗಾಡಿ ಖಾಲಿ ಮಾಡೋದು" ಅಂದ ಅತ್ತರಣ್ಣ.

"ಊಟದ ಹೊತ್ತಲ್ಲಿ..." ಅಂತ ತಾಯಿ ಶುರುಮಾಡಿದಳು.

"ಅಮ್ಮಾ, ಇವತ್ತು ನೀನು ಸುಮ್ನಿರು."

ಆ ಮನೆಯಲ್ಲಿ ಆ ಮಾತನ್ನು ಯಾರೂ ಅದುವರೆಗೆ ಆಡಿದ್ದಿಲ್ಲ. ಅಕ್ಕ ಕೈಯಲ್ಲಿದ್ದ ತುತ್ತು ಕೆಳಗಿಟ್ಟಳು. "ನನ್ನ ನೀರಿಗೆ ಹೆಸರಿಡ್ತೀಯೇನೋ? ಗಾಜಿನ ಹಾಗೆ ಇದೆ ಅದು. ಊರೇ ಕುಡಿಯುತ್ತೆ. ನಿನ್ನ ಗಾಡಿ ನಿಂತ್ಹೋಯ್ತು ಅಂತ ನನ್ನದೂ ನಿಲ್ಲಿಸ್ಬೇಕಾ?"

ಅವನು ತನಗೆ ಬಡಿಸಿಟ್ಟಿದ್ದ ಊಟವನ್ನು ಪಾತ್ರೆಗೆ ಸುರಿದು, ತಟ್ಟೆಯನ್ನು ಮೇಜಿನ ಮೇಲೆ ಬೋರಲು ಹಾಕಿದ. "ಇದು ಗುಡ್ಡ." ಬೋರಲು ತಟ್ಟೆಯ ಒಂದು ಬದಿಗೆ ಚಮಚ ಇಟ್ಟ. "ಇದು ಕ್ವಾರಿ." ಇನ್ನೊಂದು ಬದಿಯ ಬುಡಕ್ಕೆ ಹುಡುಗಿಯ ಲೋಟ ಸರಿಸಿದ. "ಇದು ನಿನ್ನ ಬಾವಿ. ನನ್ನ ಗುಂಡಿ ಯಾಕೆ ತುಂಬಲ್ಲ ಗೊತ್ತಾ? ನಿನ್ನ ಬಾವಿ ಯಾಕೆ ಬತ್ತಲ್ಲ ಗೊತ್ತಾ?"

ಅಕ್ಕ ತಟ್ಟೆ ನೋಡಿದಳು, ಲೋಟ ನೋಡಿದಳು. ಮಗಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಎದ್ದಳು. ಕೈ ಕೂಡ ತೊಳೆಯಲಿಲ್ಲ. ಹೊರಗೆ ಹೋಗಿ, ಸಂಜೆಯ ಸರದಿಗೆ ತುಂಬಿ ನಿಲ್ಲಿಸಿದ್ದ ತನ್ನ ಟ್ಯಾಂಕರಿನ ವಾಲ್ವನ್ನು ಪೂರ್ತಿ ತಿರುಗಿಸಿಬಿಟ್ಟಳು.

ನೀರು ಬೀದಿಗೆ ಧುಮುಕಿದ ಸದ್ದಿಗೆ ಬಾಗಿಲುಗಳು ತೆರೆದವು. ನೀರಿಗೆ ಬರಗೆಟ್ಟ ಬೀದಿ ಅದು. ಅಕ್ಕನ ವಾಲ್ವು ಕಿತ್ತುಹೋಗಿದೆ ಅಂದುಕೊಂಡರು. ಒಬ್ಬಳು ಬಕೆಟ್ ಒಡ್ಡಿದಳು, ಇನ್ನೊಬ್ಬ ಡ್ರಮ್ಮನ್ನೇ ಉರುಳಿಸಿಕೊಂಡು ಬಂದ. "ಹಿಡೀಬೇಡಿ, ಕೆಟ್ಟಿದೆ ಈ ನೀರು!" ಅಂತ ಅಕ್ಕ ಗಂಟಲು ಹರಿದುಕೊಂಡಳು. "ಕೆಟ್ಟಿದ್ರೆ ನಾವು ನೆಲ ಒರೆಸ್ಕೋತೀವಿ ಬಿಡಕ್ಕಾ" ಅಂತ ಡ್ರಮ್ಮಿನವನು ನಕ್ಕ. ಒಬ್ಬ ಮುದುಕ ಬೊಗಸೆಯಲ್ಲಿ ಹಿಡಿದು ಕುಡಿದೂಬಿಟ್ಟ. ಅತ್ತರಣ್ಣ ನಡುವೆ ನಿಂತು, "ಅದು ನಾನು ಸುರಿದಿದ್ದು ಕಣ್ರಪ್ಪಾ! ಗುಡ್ಡದೊಳಗಿಂದ ಬಾವಿಗೆ ಬಂದಿದೆ!" ಅಂತ ಕೂಗಿದ. ಯಾರ ಕಿವಿಗೂ ಹೋಗಲಿಲ್ಲ. ಗುಡ್ಡ ಸೀಳಿ ತೋರಿಸಲು ಅಲ್ಲಿ ಬೋರ್ಡೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಬಕೆಟ್ಟುಗಳು ತುಂಬುತ್ತಿದ್ದವು.

ಅವನು ಓಡಿದ. ಬೀದಿಯ ಕೊನೆಗೆ ಹೋಗಿ ತನ್ನ ಗಾಡಿ ಹತ್ತಿ, ಹಾರ್ನ್ ಒತ್ತಿಹಿಡಿದುಕೊಂಡೇ ಬಂದು, ಹೊಟ್ಟೆ ತುಂಬಿ ನಾರುತ್ತಿದ್ದ ಅದನ್ನು ಅಕ್ಕನ ನೀಲಿ ಟ್ಯಾಂಕರಿಗೆ ಕನ್ನಡಿ ತಾಗುವಷ್ಟು ಹತ್ತಿರ ತಂದು ನಿಲ್ಲಿಸಿದ. ತಾಯಿ ಯಾವತ್ತೂ ನೋಡಬಾರದು ಅಂದುಕೊಂಡಿದ್ದ ನೋಟ ಅದು. ಕೆಳಗಿಳಿದು ಒಂದು ಕೈ ತನ್ನ ಟ್ಯಾಂಕಿನ ಮೇಲೆ, ಇನ್ನೊಂದು ಕೈ ಅಕ್ಕನ ಟ್ಯಾಂಕಿನ ಮೇಲೆ ಇಟ್ಟು, "ಇದೇ ಅದು, ಅದೇ ಇದು! ಈಗ ಹಿಡೀರಿ!" ಅಂದ.

ಮೊದಲು ಒಬ್ಬಳು ಬಕೆಟ್ ಬೋರಲು ಹಾಕಿದಳು. ಆಮೇಲೆ ಎಲ್ಲರೂ. ಡ್ರಮ್ಮಿನವನು ಡ್ರಮ್ಮಿಗೆ ಕಾಲಿಂದ ಒದ್ದು, ಅಲ್ಲಿಂದ ಬಂದು ಅತ್ತರಣ್ಣನ ಕಪಾಳಕ್ಕೆ ಬಾರಿಸಿದ. ಎರಡನೇ ಏಟಿಗೆ ಕೈ ಎತ್ತಿದಾಗ ಅಕ್ಕ ಅಡ್ಡ ಬಂದಳು. "ಹೊಡಿಯೋದಿದ್ರೆ ನಂಗೂ ಸೇರ್ಸಿ ಹೊಡಿ. ಕುಡಿಸಿದ್ದು ನಾನು." ಆಮೇಲೆ ತಮ್ಮನ ಕಡೆ ತಿರುಗಿ, "ಗಾಡಿ ತೆಗಿಯೋ. ಆಟೋ ಒಳಗೆ ಬರ್ಬೇಕು, ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು" ಅಂದಳು.

ಆ ಎರಡು ಟ್ಯಾಂಕರುಗಳನ್ನು ಪಕ್ಕಪಕ್ಕ ನಿಲ್ಲಿಸಿದ್ದೇ 'ವಾಹನದ ದುರ್ಬಳಕೆ'. ಬ್ಯಾನರಿನ ಮೇಲಿದ್ದ ಆ ಉದ್ದನೆಯ ಹೆಸರಿಗೆ ನಾನು ಕಂಡ ಅರ್ಥವೂ ಅದೇ.

ಎಂಜಿನಿಯರ್ ಹೇಳಿದ ಹಾಗೆ ಬಂದಳು. ಪರೀಕ್ಷೆಯ ಫಲಿತಾಂಶ ಅವನು ಹೆದರಿದ ಹಾಗೇ ಬಂತು. ಬಾವಿಗೆ ಹಗ್ಗ ಕಟ್ಟಿ ಫಲಕ ನೆಟ್ಟಿದ್ದಾರೆ, ಫಲಕದ ಖರ್ಚು ಯಾವ ಕಚೇರಿಯದ್ದು ಅಂತ ಇನ್ನೂ ಪತ್ರ ಓಡಾಡುತ್ತಿದೆ. ಆ ಮುದುಕ ಹಾಸಿಗೆ ಹಿಡಿದಿದ್ದಾನೆ. ಬೀದಿಯಲ್ಲಿ ಇನ್ನೂ ಕೆಲವರ ಕಣ್ಣು ಹಳದಿಯಾಗಿದೆ, ದಿನಾ ಬೆಳಿಗ್ಗೆ ಜನ ಕನ್ನಡಿಯಲ್ಲಿ ಮೊದಲು ಕಣ್ಣು ನೋಡಿಕೊಳ್ಳುತ್ತಾರೆ. ಹುಡುಗಿ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ. ಹಳದಿ ಇಳಿಯುತ್ತಿದೆ ಅಂತ ಒಬ್ಬ ಡಾಕ್ಟರು, ಈಗಲೇ ಏನೂ ಹೇಳಲಾಗದು ಅಂತ ಇನ್ನೊಬ್ಬರು. ಹೊಟ್ಟೆಯೊಳಗಿನ ಕೂಸು ಮಿಸುಕುತ್ತಿದೆ, ಅಷ್ಟು ಖಚಿತ. ಅತ್ತರಣ್ಣ ವಾರ್ಡಿನ ಬಾಗಿಲ ಹತ್ತಿರ ಕೂರುತ್ತಾನೆ. ಅವಳು "ಒಳಗೆ ಬಾ ಮಾವ, ಇಲ್ಲಿ ನಿನಗಿಂತ ಫಿನಾಯಿಲೇ ಜಾಸ್ತಿ ನಾರುತ್ತೆ" ಅಂದರೂ ಹೋಗುವುದಿಲ್ಲ. ಅಕ್ಕ ಅವನೊಂದಿಗೆ ಮಾತಾಡುತ್ತಾಳೆ, ಬೇಕಾದಷ್ಟು ಮಾತ್ರ.

ಅತ್ತರಣ್ಣನ ಗಾಡಿಗೆ ಗುತ್ತಿಗೆದಾರ ಹೊಸ ಚಾಲಕನನ್ನು ಹಾಕಿದ್ದಾನೆ. ಗಾಡಿ ಈಗಲೂ ಊರಾಚೆ ಹೋಗುತ್ತದೆ, ಖಾಲಿಯಾಗಿ ವಾಪಸು ಬರುತ್ತದೆ. ಶುದ್ಧೀಕರಣ ಘಟಕದ ಗೇಟಿನವನು ಇನ್ನೂ ಕೈ ಅಡ್ಡ ಹಿಡಿಯುತ್ತಿದ್ದಾನೆ. ಹಾಗಾದರೆ ಅದು ಎಲ್ಲಿ ಖಾಲಿಯಾಗುತ್ತದೆ?

ಇದನ್ನು ಓದುತ್ತಿರುವ ನಿಮ್ಮ ಮನೆಯ ಹಿಂದೆಯೂ ಒಂದು ಗುಂಡಿ ಇದೆ. ಅದು ತುಂಬಿದಾಗ ನೀವೂ ಫೋನು ಮಾಡುತ್ತೀರಿ, ಕಿಟಕಿ ಹಾಕಿಕೊಳ್ಳುತ್ತೀರಿ, ಒಂದು ಗೇಣು ಬಾಗಿಲು ತೆರೆದು ರುಜು ಹಾಕುತ್ತೀರಿ. ಮುಂದಿನ ಸಲ ಬಾಗಿಲು ಪೂರ್ತಿ ತೆಗೆಯಿರಿ. ಹೊರಗೆ ಬಂದು ಚಾಲಕನನ್ನು ಕೇಳಿ: ಇದನ್ನು ಎಲ್ಲಿ ಸುರಿಯುತ್ತೀಯ, ಆ ಜಾಗದ ಕೆಳಗೆ ಯಾರು ನೀರು ಕುಡಿಯುತ್ತಾರೆ? ಉತ್ತರ ಸಿಗುವವರೆಗೆ ರುಜು ಹಾಕಬೇಡಿ. ಅವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಅವನ ಜೊತೆ ಗಾಡಿ ಹತ್ತಿ ಹೋಗಿ ನೋಡಿ. ಮತ್ತೆ, ಹಾಗೆ ನಿಜ ಹೇಳಿದ ಚಾಲಕನ ಸಂಬಳ ಯಾರಾದರೂ ತಡೆದರೆ, ಆ ಕಚೇರಿಯ ಮೆಟ್ಟಿಲ ಮೇಲೆ ನಮ್ಮ ಜೊತೆ ಬಂದು ಕೂರಿ. ಬರುತ್ತೀರಾ, ಇಲ್ಲವಾ? ಹೇಳಿ.